ಗೆಟ್ಟಿಸ್‌ಬರ್ಗ್ ಅಶ್ವದಳ ಶಿಬಿರ: ಕುದುರೆ ಕಟ್ಟಿದ ಹಗ್ಗದ ಬಳಿ ನಿಲ್ಲಿ

ಮೂವತ್ತೆರಡು ವರ್ಷ ಪಶುವೈದ್ಯನಾಗಿ ದುಡಿದವನು ನಾನು. ಅಂದಿನ ಸವಾರರ ಬದುಕನ್ನು ಮಾಡಿ ತೋರಿಸುವ ಗೆಟ್ಟಿಸ್‌ಬರ್ಗ್ ಯುದ್ಧಭೂಮಿಯ ಅಶ್ವದಳ ಶಿಬಿರಕ್ಕೆ ಮಗಳು ಕರೆದೊಯ್ದಾಗ ಜನರೆಲ್ಲ ಕತ್ತಿ, ಬಂದೂಕುಗಳ ಕಡೆ ನಡೆದರು. ನಾನು ನೇರವಾಗಿ ಕುದುರೆಗಳ ಬಳಿ ಹೋದೆ. ನೆಟ್ಟ ಕಂಬಗಳ ನಡುವೆ ಬಿಗಿದ ಉದ್ದನೆಯ ಹಗ್ಗಕ್ಕೆ ಒಂಬತ್ತು ಕುದುರೆಗಳನ್ನು ಸಾಲಾಗಿ ಕಟ್ಟಿದ್ದರು. ಸೈನಿಕರ ವೇಷದ ಸ್ವಯಂಸೇವಕರು ಗೊರಸು ಎತ್ತಿ ಮಣ್ಣು ಕೆರೆಯುತ್ತಿದ್ದರು. ಅವರ ಕೈಗೆ ಆ ಕೆಲಸ ಚೆನ್ನಾಗಿ ಪಳಗಿತ್ತು.

ಪೆನ್ಸಿಲ್ವೇನಿಯಾದ ಈ ಊರಿನ ಸುತ್ತ 1863ರ ಜುಲೈ 1ರಿಂದ 3ರವರೆಗೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಭೀಕರ ಕದನ ನಡೆಯಿತು. ಈಗ ಅದು ರಾಷ್ಟ್ರೀಯ ಸೇನಾ ಉದ್ಯಾನ. ಬಯಲು ಸುತ್ತಲು ಶುಲ್ಕವಿಲ್ಲ, ವಸ್ತುಸಂಗ್ರಹಾಲಯಕ್ಕೆ ಮಾತ್ರ ಟಿಕೆಟ್ ಕೊಳ್ಳಬೇಕು. ಇಲ್ಲಿ ಅಣಕು ಯುದ್ಧಕ್ಕೆ ಅವಕಾಶವಿಲ್ಲ. ಗುಂಡು ಹಾರಿಸುವ ಕ್ರಮವನ್ನು ತೋರಿಸುತ್ತಾರೆ, ಆದರೆ ಎದುರುಬದುರು ನಿಂತು ಸಾಯುವ ಆಟ ಆಡುವುದಿಲ್ಲ. ನಿಜವಾಗಿ ಜನ ಸತ್ತ ನೆಲದಲ್ಲಿ ಅದೇ ಸರಿ.

ನನಗೆ ಹೆಚ್ಚು ಹಿಡಿಸಿದ್ದು ಮೆಕ್‌ಕ್ಲೆಲನ್ ಜೀನು. 1859ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಮಾದರಿ ಇದು. ಮರದ ಚೌಕಟ್ಟಿಗೆ ಹಸಿ ಚರ್ಮ ಬಿಗಿದು ಮಾಡಿದ್ದು. ನಡುವೆ ಉದ್ದಕ್ಕೂ ಸೀಳು ಬಿಟ್ಟಿರುತ್ತಾರೆ. ಅದರೊಳಗೆ ಬೆರಳಿಟ್ಟು ನೋಡಿದೆ: ಭಾರ ಬೆನ್ನುಮೂಳೆಯ ಮೇಲೆ ಬೀಳದೆ ಅಕ್ಕಪಕ್ಕದ ಮಾಂಸಖಂಡಕ್ಕೆ ಹಂಚಿಹೋಗುತ್ತದೆ, ಸೀಳಿನಲ್ಲಿ ಗಾಳಿಯೂ ಆಡುತ್ತದೆ. ಆದರೂ ಕಂಬಳಿ ಒಂದು ಮಡಿಕೆ ಸುಕ್ಕಾದರೆ ಸಾಕು, ಸಂಜೆಯೊಳಗೆ ಹುಣ್ಣು. ಒಂದು ಕಂದು ಕುದುರೆಯ ಹೆಗಲ ಮೇಲೆ ಅಂಗೈಯಗಲ ಬಿಳಿ ಕೂದಲಿತ್ತು.

"ತಾತ, ಈ ಬಿಳಿ ಮಚ್ಚೆ ಹುಟ್ಟಿನಿಂದಲೇ ಇತ್ತೇ?" ಎಂದು ಮೊಮ್ಮಗಳು ಕೇಳಿದಳು.

"ಇಲ್ಲ ಪುಟ್ಟಿ, ಎಂದೋ ಜೀನು ಒತ್ತಿ ಆದ ಗಾಯ. ಒತ್ತಿದ ಜಾಗದಲ್ಲಿ ಕೂದಲು ಹೀಗೆ ಬೆಳ್ಳಗೆ ಬರುತ್ತದೆ."

ಕುದುರೆಯ ಒಡತಿ ಕೇಳಿಸಿಕೊಂಡು, ಕೊಳ್ಳುವಾಗಲೇ ಆ ಕಲೆ ಇತ್ತೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಕಂಬಳಿ ಹಾಸಿದ ಮೇಲೆ ಅಂಗೈಯಿಂದ ಹಿಂದಕ್ಕೆ ನೀವಿ, ಕೂದಲು ಮಲಗಿದೆಯೇ ಎಂದು ನೋಡಿಯೇ ಜೀನು ಏರಿಸುತ್ತಾರಂತೆ. ಅದನ್ನು ನಮ್ಮ ಮುಂದೆಯೇ ಮಾಡಿ ತೋರಿಸಿದರು.

ಮೇವಿನ ಲೆಕ್ಕವನ್ನೂ ವಿವರಿಸಿದರು. ಅಂದಿನ ಸೇನೆಯ ನಿಯಮದ ಪ್ರಕಾರ ಕುದುರೆಯೊಂದಕ್ಕೆ ದಿನಕ್ಕೆ 14 ಪೌಂಡ್ ಹುಲ್ಲು, 12 ಪೌಂಡ್ ಧಾನ್ಯ. ಜುಲೈ 1ರ ಬೆಳಗ್ಗೆ ಇಲ್ಲಿ ದಕ್ಷಿಣದ ಸೇನೆಯನ್ನು ತಡೆದು ನಿಲ್ಲಿಸಿದ ಉತ್ತರದ ಅಶ್ವದಳದ ನಾಯಕ ಜಾನ್ ಬ್ಯೂಫರ್ಡ್ ಬಳಿ ಸುಮಾರು 2,700 ಸವಾರರಿದ್ದರು. ಮನಸ್ಸಿನಲ್ಲೇ ಗುಣಿಸಿದೆ: ದಿನಕ್ಕೆ ಹದಿನೇಳು ಟನ್ ಹುಲ್ಲು, ಹದಿನೈದು ಟನ್‌ಗೆ ಸ್ವಲ್ಪ ಕಡಿಮೆ ಧಾನ್ಯ. ದಂಡಯಾತ್ರೆಯ ನಡುವೆ ಇದನ್ನು ಎಲ್ಲಿಂದ ತರುವುದು! ಆ ಸವಾರರು ಕುದುರೆಯಿಂದಿಳಿದು ಕಾರ್ಬೈನ್ ಎಂಬ ಗಿಡ್ಡ ಬಂದೂಕು ಹಿಡಿದು ಕಾದಿದರು. ನಾಲ್ವರಲ್ಲಿ ಒಬ್ಬ ನಾಲ್ಕೂ ಕುದುರೆಗಳ ಲಗಾಮು ಹಿಡಿದು ಹಿಂದೆ ನಿಲ್ಲಬೇಕು. ಕಾಲು ಭಾಗದ ಬಂದೂಕು ಸುಮ್ಮನಾದಂತೆಯೇ. ಶಿಬಿರದಲ್ಲಿ ಇದನ್ನು ನಾಲ್ಕು ಕುದುರೆಗಳಿಂದ ಮಾಡಿ ತೋರಿಸಿದರು. ಹಿಡಿದುಕೊಂಡ ಹುಡುಗ ಬೆವೆತುಹೋಗಿದ್ದ.

ಕೊರತೆಗಳೂ ಇವೆ. ಕತ್ತಿವರಸೆ ಅರ್ಧ ಗಂಟೆ ಎಳೆಯಿತು, ವಿವರಣೆ ಹಿಂದಿನ ಸಾಲಿಗೆ ಕೇಳಿಸಲಿಲ್ಲ. ನೋಡುವವರಿಗೆ ನೆರಳಿನ ವ್ಯವಸ್ಥೆ ಇರಲಿಲ್ಲ. ನನಗೆ ನಿಜವಾಗಿ ನೋವಾದದ್ದು ಬೇರೆ: ರೋಗದ ಬಗ್ಗೆ ಒಂದು ಮಾತೂ ಇಲ್ಲ. ಯುದ್ಧದ ಉತ್ತರಾರ್ಧದಲ್ಲಿ ವಾಷಿಂಗ್ಟನ್‌ನ ಗೀಸ್‌ಬರೋದಲ್ಲಿದ್ದ ದೊಡ್ಡ ಕುದುರೆ ಡಿಪೋದಲ್ಲಿ ಗ್ಲ್ಯಾಂಡರ್ಸ್ ರೋಗ ಹರಡಿ ಕುದುರೆಗಳು ಸತ್ತವು. ಮನುಷ್ಯರಿಗೂ ಅಂಟುವ ರೋಗವದು. ಅಶ್ವದಳದ ಕಥೆ ಹೇಳುವವರು ಇದನ್ನು ಬಿಡಬಾರದು. ಹಾಗೆಂದು ಅವರಿಗೂ ಹೇಳಿದೆ, ಒಬ್ಬರು ಚೀಟಿಯಲ್ಲಿ ಬರೆದುಕೊಂಡರು.

ಶಿಬಿರ ಮುಗಿಸಿ ಊರಿನ ಪೂರ್ವಕ್ಕೆ ಸುಮಾರು 5 ಕಿಲೋಮೀಟರ್ ದೂರದ ಈಸ್ಟ್ ಕ್ಯಾವಲ್ರಿ ಫೀಲ್ಡ್‌ಗೂ ಹೋಗಿ. ಜುಲೈ 3ರಂದು ದಕ್ಷಿಣದ ಸೇನಾನಿ ಸ್ಟುವರ್ಟ್‌ನ ಸವಾರರನ್ನು ಉತ್ತರದ ಸೇನಾನಿಗಳಾದ ಗ್ರೆಗ್ ಮತ್ತು ಕಸ್ಟರ್ ಎದುರಿಸಿದ್ದು ಅಲ್ಲಿ. ನಾವು ಹೋದಾಗ ಜನವೇ ಇರಲಿಲ್ಲ.

ಶಿಬಿರಕ್ಕೆ ಮಾತ್ರ ಮೇವಿನ ಹೊತ್ತಿಗೆ ಹೋಗಬೇಕು. ಮೂತಿಗೆ ಕಟ್ಟುವ ಕ್ಯಾನ್ವಾಸ್ ಚೀಲದಲ್ಲಿ ಓಟ್ಸ್ ಹಾಕಿ, ಒಂಬತ್ತು ಕುದುರೆಗಳಿಗೂ ಕಟ್ಟಿದ ಮೇಲೆಯೇ ಅವರು ತಮ್ಮ ಕಾಫಿ ಕೆಟಲನ್ನು ಬೆಂಕಿಯ ಮೇಲಿಟ್ಟರು. ಮಗಳು ಎರಡು ಸಲ ಕರೆದಳು. ಕೊನೆಯ ಚೀಲ ಬಿಚ್ಚುವವರೆಗೆ ನಾನು ಹಗ್ಗದ ಬಳಿಯೇ ನಿಂತಿದ್ದೆ.