ಪ್ರೊ-ಸಿ 2 ಜೊತೆ ನಾಲ್ಕು ವರ್ಷ: ಸೈಡ್‌ಚೈನ್ ತಡವಾದರೆ ಕಂಪ್ರೆಸರನ್ನು ಬೈಯಬೇಡಿ

ಫ್ಯಾಬ್‌ಫಿಲ್ಟರ್ ಕಂಪನಿಯ ಪ್ರೊ-ಸಿ 2 ಕಂಪ್ರೆಸರ್ (ಮಿಕ್ಸಿಂಗ್ ಸಾಫ್ಟ್‌ವೇರ್‌ನೊಳಗೆ ಸೇರಿಸಿಕೊಳ್ಳುವ, ಜೋರಾದ ಸದ್ದನ್ನು ತಗ್ಗಿಸುವ ಪ್ಲಗಿನ್) ಬಂದದ್ದು 2015ರಲ್ಲಿ. ನಾನು ಕೊಂಡು ನಾಲ್ಕು ವರ್ಷವಾಯಿತು. ಹಾಡುಗಾರಿಕೆಗೆ, ಡ್ರಮ್ ಬಸ್‌ಗೆ (ಡ್ರಮ್ ಸದ್ದುಗಳೆಲ್ಲ ಒಂದಾಗುವ ಟ್ರ್ಯಾಕ್) ಚೆನ್ನಾಗಿ ಹೊಂದುತ್ತದೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೇಳಬೇಕಿರುವುದು ಸೈಡ್‌ಚೈನ್ ಬಗ್ಗೆ, ಅಂದರೆ ಒಂದು ಟ್ರ್ಯಾಕ್‌ನ ಸದ್ದು ಕೇಳಿ ಇನ್ನೊಂದನ್ನು ತಗ್ಗಿಸುವ ಬಗ್ಗೆ. ಕಿಕ್ ಡ್ರಮ್‌ನ ಪೆಟ್ಟು ಬಿದ್ದಾಗ ಬೇಸ್ ತಗ್ಗಬೇಕು, ಇಷ್ಟೇ ಕೆಲಸ. ಈ ಸಣ್ಣ ಕೆಲಸವೇ ಮೊದಲ ವರ್ಷವೆಲ್ಲ ನನ್ನನ್ನು ಕಾಡಿತು.

ಬೇಸ್ ತಗ್ಗುತ್ತಿತ್ತು, ಆದರೆ ಕಿಕ್ ಮುಗಿದ ಮೇಲೆ. ಅಟ್ಯಾಕ್ (ಸದ್ದು ತಗ್ಗಲು ಹಿಡಿಯುವ ಕಾಲ) ಕಡಿಮೆ ಮಾಡಿದೆ, ರಿಲೀಸ್ (ಮತ್ತೆ ಮೇಲೇರಲು ಹಿಡಿಯುವ ಕಾಲ) ತಿರುಗಿಸಿದೆ, ‘ಕ್ಲೀನ್’ನಿಂದ ‘ಪಂಪಿಂಗ್’ವರೆಗೆ ಎಂಟೂ ಸ್ಟೈಲ್‌ಗಳನ್ನು ಹಾಕಿ ನೋಡಿದೆ. ಪ್ಲಗಿನ್ನೇ ಸರಿಯಿಲ್ಲ ಎಂದು ತೀರ್ಮಾನಿಸುವ ಹಂತದಲ್ಲಿದ್ದೆ. ಕೊನೆಗೆ ಕಿವಿಯನ್ನು ಬಿಟ್ಟು ಅಳೆದು ನೋಡಿದೆ. ಬೇಸ್ ಟ್ರ್ಯಾಕ್‌ನಲ್ಲಿ ಒಂದೇ ಸಮನೆ ಮೊಳಗುವ ಸ್ವರ, ಕಿಕ್ ಜಾಗದಲ್ಲಿ ಚುಟುಕಾದ ಟಕ್ ಸದ್ದು, ಅಟ್ಯಾಕ್ ಅತಿ ಕಡಿಮೆ, ಲುಕ್‌ಅಹೆಡ್ (ಬರಲಿರುವ ಸದ್ದನ್ನು ಮುಂಚೆಯೇ ನೋಡುವ ಸೌಲಭ್ಯ) ಬಂದ್. ಎರಡನ್ನೂ ಬೇರೆ ಬೇರೆ ಫೈಲಾಗಿ ರೆಂಡರ್ ಮಾಡಿ, ಅಲೆಯನ್ನು ಹಿಗ್ಗಿಸಿ, ಟಕ್ ಸದ್ದಿನಿಂದ ಸ್ವರ ಕುಸಿಯುವ ಜಾಗದವರೆಗೆ ಎಣಿಸಿದೆ. ಸುಮಾರು 4096 ಸ್ಯಾಂಪಲ್ (ಡಿಜಿಟಲ್ ಸದ್ದಿನ ಅತಿ ಸಣ್ಣ ತುಣುಕು). 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಸ್ಯಾಂಪಲ್) ಸೆಷನ್‌ನಲ್ಲಿ ಅದು 85 ಮಿಲಿಸೆಕೆಂಡ್. 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಹಾಡಿನಲ್ಲಿ ಹದಿನಾರನೇ ಭಾಗದ ಸ್ವರಕ್ಕೆ ಸಿಗುವ ಕಾಲವೇ 125 ಮಿಲಿಸೆಕೆಂಡ್. ಅದರ ಮೂರನೇ ಎರಡು ಭಾಗ ಹೀಗೆ ಹೋಗುತ್ತಿತ್ತು.

ತಪ್ಪು ಕಂಪ್ರೆಸರ್‌ನದಲ್ಲ. ಕಿಕ್ ಟ್ರ್ಯಾಕ್ ಮೇಲೆ ನಾನೇ ಒಂದು ಲೀನಿಯರ್ ಫೇಸ್ ಈಕ್ಯೂ (ಸ್ವರದ ಏರಿಳಿತ ತಿದ್ದುವ, ಆದರೆ ಸದ್ದನ್ನು ತಡ ಮಾಡುವ ಪ್ಲಗಿನ್) ಹಾಕಿದ್ದೆ, ಅದರ ಲೇಟೆನ್ಸಿ, ಅಂದರೆ ಸದ್ದು ದಾಟಿ ಬರಲು ಆಗುವ ತಡ, 4096 ಸ್ಯಾಂಪಲ್. ಮಿಕ್ಸಿಂಗ್ ಸಾಫ್ಟ್‌ವೇರ್ ಈ ತಡವನ್ನು ಸರಿದೂಗಿಸುತ್ತದೆ ಎಂದು ನಂಬಿದ್ದೆ. ಸರಿದೂಗಿಸುತ್ತಿತ್ತು ಕೂಡ, ಆದರೆ ಟ್ರ್ಯಾಕ್‌ಗಳ ಕೊನೆಯಲ್ಲಿ ಮಾತ್ರ. ಎಲ್ಲ ಟ್ರ್ಯಾಕ್ ಸೇರುವ ಮಾಸ್ಟರ್‌ಗೆ ಕಿಕ್ಕೂ ಬೇಸೂ ಜೊತೆಯಾಗಿ ತಲುಪುತ್ತಿದ್ದವು. ನಡುವೆ, ಕಂಪ್ರೆಸರ್‌ನ ಸೈಡ್‌ಚೈನ್ ಬಾಗಿಲಿಗೆ ಮಾತ್ರ ಕಿಕ್ ತಡವಾಗಿ ಬರುತ್ತಿತ್ತು. ಅಷ್ಟರಲ್ಲಿ ಬೇಸ್ ಅಲ್ಲಿಂದ ದಾಟಿ ಹೋಗಿರುತ್ತಿತ್ತು. ಇದರ ತಿರುವುಮುರುವೂ ಆಗುತ್ತದೆ: ಬೇಸ್ ಸಾಲಿನಲ್ಲಿ ಕಂಪ್ರೆಸರ್‌ಗಿಂತ ಮೊದಲು ಅಂಥ ಪ್ಲಗಿನ್ ಇದ್ದರೆ, ಕಿಕ್ ಕೇಳುವ ಮುಂಚೆಯೇ ಬೇಸ್ ತಗ್ಗಿಬಿಡುತ್ತದೆ. ಸೈಡ್‌ಚೈನ್ ದಾರಿಯನ್ನೂ ಲೆಕ್ಕಕ್ಕೆ ಹಿಡಿಯುವ ಸಾಫ್ಟ್‌ವೇರ್‌ಗಳಿವೆ. ನಿಮ್ಮದು ಅಂಥದ್ದೇ ಎಂದು ಊಹಿಸಿಕೊಳ್ಳಬೇಡಿ, ಮೇಲಿನ ಪರೀಕ್ಷೆಗೆ ಹತ್ತು ನಿಮಿಷ ಸಾಕು.

ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ಕಿಕ್‌ನ ಒಂದು ಪ್ರತಿಯನ್ನು ಬೇರೆ ಟ್ರ್ಯಾಕ್‌ಗೆ ಹಾಕುತ್ತೇನೆ. ಅದರ ಮೇಲೆ ಒಂದೂ ಪ್ಲಗಿನ್ ಇಲ್ಲ, ಮಾಸ್ಟರ್‌ಗೆ ಹೋಗುವುದಿಲ್ಲ, ಸೈಡ್‌ಚೈನ್‌ಗೆ ಮಾತ್ರ. ಬೇಸ್ ಸಾಲಿನಲ್ಲಿ ಪ್ರೊ-ಸಿ 2 ಮೊದಲು, ತಡ ಮಾಡುವ ಪ್ಲಗಿನ್‌ಗಳೆಲ್ಲ ಅದರ ನಂತರ. ಹೀಗೆ ಮಾಡಿದರೆ ಸಾಫ್ಟ್‌ವೇರ್ ಯಾವುದಾದರೂ ಕಾಲ ಕೂಡಿಬರುತ್ತದೆ. ಇನ್ನೊಂದು ಲಾಭವೂ ಉಂಟು: ಕೇಳಿಸುವ ಕಿಕ್‌ನ ಸದ್ದನ್ನು ಎಷ್ಟೇ ಬದಲಿಸಿದರೂ ಬೇಸ್ ತಗ್ಗುವ ರೀತಿ ಕದಲುವುದಿಲ್ಲ.

ಇಷ್ಟಾದ ಮೇಲೆಯೇ ಈ ಪ್ಲಗಿನ್‌ನ ನಿಜವಾದ ಬೆಲೆ ನನಗೆ ತಿಳಿದದ್ದು. ಲುಕ್‌ಅಹೆಡ್ 20 ಮಿಲಿಸೆಕೆಂಡ್‌ವರೆಗೆ ಸಿಗುತ್ತದೆ, ಬೇಡವೆಂದರೆ ಪೂರ್ತಿ ಬಂದ್ ಮಾಡಬಹುದು. ಅದೂ ಓವರ್‌ಸ್ಯಾಂಪ್ಲಿಂಗೂ (ಒಳಗೆ ಹೆಚ್ಚು ಸ್ಯಾಂಪಲ್ ಇಟ್ಟು ಲೆಕ್ಕ ಹಾಕುವುದು) ಇಲ್ಲದಿದ್ದರೆ ಲೇಟೆನ್ಸಿ ಸೊನ್ನೆ. ನಾನು ಮಿಕ್ಸ್‌ನಲ್ಲಿ ಎರಡು ಮೂರು ಮಿಲಿಸೆಕೆಂಡ್ ಇಡುತ್ತೇನೆ. 50 ಹರ್ಟ್ಸ್ ಬೇಸ್‌ನ ಒಂದು ಅಲೆಗೇ 20 ಮಿಲಿಸೆಕೆಂಡ್ ಬೇಕು. ಆ ಅಲೆಯ ನಡುವೆ ಮಟ್ಟವನ್ನು ಒಮ್ಮೆಲೇ ಕತ್ತರಿಸಿದರೆ ‘ಟಿಕ್’ ಎಂದು ಕೇಳುತ್ತದೆ. ಸ್ವಲ್ಪ ಮುಂಚಿತವಾಗಿ ಸುಳಿವು ಸಿಕ್ಕರೆ ಅಟ್ಯಾಕ್ ಮೃದುವಾಗಿಟ್ಟರೂ ಕಿಕ್‌ನ ಮೊದಲ ಪೆಟ್ಟಿಗೆ ಜಾಗ ತೆರವಾಗಿರುತ್ತದೆ. ಪೂರ್ತಿ 20 ಇಟ್ಟರೆ ಕಿಕ್‌ಗೆ ಮುಂಚೆ ಒಂದು ಖಾಲಿತನ ಕೇಳುತ್ತದೆ, ನನಗೆ ಅದು ಹಿಡಿಸುವುದಿಲ್ಲ. 500 ಮಿಲಿಸೆಕೆಂಡ್‌ವರೆಗೆ ಹೋಗುವ ಹೋಲ್ಡ್ ಗುಂಡಿಯನ್ನು ಬಹಳ ಜನ ಮುಟ್ಟುವುದೇ ಇಲ್ಲ. ಕಿಕ್‌ನ ಬಾಲ ಮುಗಿಯುವವರೆಗೆ ಬೇಸನ್ನು ತಡೆದು ಹಿಡಿಯಲು ಅದರಷ್ಟು ಸಲೀಸಾದದ್ದು ಬೇರಿಲ್ಲ.

ಹಾಡು ಓಡುತ್ತಿರುವಾಗ ಲುಕ್‌ಅಹೆಡ್ ಅಥವಾ ಓವರ್‌ಸ್ಯಾಂಪ್ಲಿಂಗ್ ಬದಲಿಸಬೇಡಿ. ಲೇಟೆನ್ಸಿ ಬದಲಾದೊಡನೆ ಸಾಫ್ಟ್‌ವೇರ್ ಲೆಕ್ಕವನ್ನು ಮತ್ತೆ ಹಾಕಬೇಕಾಗುತ್ತದೆ, ಸದ್ದು ಮುಗ್ಗರಿಸಬಹುದು. ನಾನು 4ಎಕ್ಸ್ ಓವರ್‌ಸ್ಯಾಂಪ್ಲಿಂಗನ್ನು ಕೊನೆಯ ರೆಂಡರ್‌ಗೆ ಮಾತ್ರ ಹಚ್ಚುತ್ತೇನೆ, ಹಚ್ಚಿದ ಮೇಲೆ ಒಮ್ಮೆ ಪೂರ್ತಿ ಕೇಳುತ್ತೇನೆ. ಯಾರಾದರೂ ಬೇಸ್ ಗಿಟಾರ್ ಹಿಡಿದು ಹೆಡ್‌ಫೋನ್ ಹಾಕಿ ಕೂತರೆ ಲುಕ್‌ಅಹೆಡ್, ಓವರ್‌ಸ್ಯಾಂಪ್ಲಿಂಗ್ ಎರಡನ್ನೂ ಬಂದ್ ಮಾಡಿಯೇ ರೆಕಾರ್ಡ್ ಒತ್ತುವುದು. ಬೆರಳು ತಂತಿ ಬಿಟ್ಟ ಮೇಲೆ ಸ್ವರ ಬಂದರೆ ಎಂಥ ವಾದಕರ ಕೈಯಾದರೂ ಹಿಂಜರಿಯುತ್ತದೆ.