ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಳ್ತೀರಾ? ಅದು ಏನು ಹೊರುತ್ತಿತ್ತು ಅಂತ ಮೊದಲು ನೋಡಿ

ಅಡಿಕೆ ಕೊಯ್ಲು ಹತ್ತಿರ ಬಂದ ಹಾಗೆ ನಮ್ಮ ಮಲೆನಾಡಿನಲ್ಲಿ ಹಳೇ ಪಿಕಪ್‌ಗಳ ವ್ಯಾಪಾರ ಜೋರಾಗುತ್ತದೆ. ಘಟ್ಟದ ಕೆಳಗಿನ ಗಾಡಿಗಳೂ ಸಾಕಷ್ಟು ಹತ್ತಿ ಬರುತ್ತವೆ. ರೇಟು ಸ್ವಲ್ಪ ಕಡಿಮೆ, ನೋಡೋಕೆ ಹೊಸದರ ಹಾಗೆ ಹೊಳೆಯುತ್ತವೆ. ಈ ವರ್ಷ ಅಂಥದ್ದೊಂದನ್ನು ನೋಡಿಟ್ಟಿರುವವರು ಇದನ್ನು ಓದಿದ ಮೇಲೆ ಅಡ್ವಾನ್ಸ್ ಕೊಡಿ.

ನನ್ನ ಭಾವ ಚೇಣಿ ಮಾಡುತ್ತಾರೆ, ಅಂದರೆ ಬೇರೆಯವರ ತೋಟದ ಅಡಿಕೆ ಫಸಲನ್ನು ಗುತ್ತಿಗೆಗೆ ಹಿಡಿಯುತ್ತಾರೆ. ತೋಟದಿಂದ ಹಸಿ ಅಡಿಕೆ ತರೋಕೆ ಬಾಡಿಗೆ ಗಾಡಿ ಕರೆದು ಕರೆದು ಸಾಕಾಗಿ ಒಂದು ಬೊಲೆರೊ ಪಿಕಪ್ ತಗೊಂಡರು. ಕೆಎ 20 ನಂಬರ್, ಅಂದರೆ ಉಡುಪಿ ಕಡೆಯದು. ಡೀಲರ್ ಹೇಳಿದ್ದು ಒಂದೇ ಮಾತು: "ತರಕಾರಿ ಬಿಟ್ರೆ ಬೇರೇನೂ ಹಾಕಿಲ್ಲ ಅಣ್ಣ, ಒಬ್ಬನೇ ಡ್ರೈವರ್." ಭಾವ ಸುಮ್ನೆ ನಂಬಿ ದುಡ್ಡು ಕೊಡುವವರಲ್ಲ. ನಮ್ಮೂರ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದುಕೊಂಡೇ ಹೋಗಿದ್ದರು. ಅವನು ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಿದ. ಆಯಿಲ್ ಕ್ಯಾಪ್ ತೆಗೆದು ಹೊಗೆ ಬರುತ್ತದಾ ನೋಡಿದ. ಲೋಡ್ ಹಾಕಿ ಏರಿನಲ್ಲಿ ಓಡಿಸಿದ. ಇಂಜಿನ್ ನಿಜಕ್ಕೂ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ. ತಾಪತ್ರಯ ಬಂದದ್ದು ಅದರ ಕೆಳಗಿನಿಂದ.

ಮೊದಲ ಸುಳಿವು ಕೊಟ್ಟದ್ದು ಅಕ್ಕನ ಮನೆಯ ಬೆಕ್ಕು. ಗಾಡಿ ಅಂಗಳದಲ್ಲಿ ನಿಂತರೆ ಸಾಕು, ಹಿಂದಿನ ಬಾಡಿ ಅಡಿಯಲ್ಲೇ ಅದರ ವಾಸ. ಎಲ್ಲರೂ ನಕ್ಕೆವು. ಆಮೇಲೆ ಒಂದು ಜೋರು ಮಳೆ ಬಂತು. ಬಾಡಿಯ ಹಲಗೆ ಸಂದಿಯಿಂದ ನೀರು ಸೋರಿತು, ಜೊತೆಗೆ ವಾಸನೆಯೂ ಬಂತು. ಮೀನಿನ ವಾಸನೆ!

ಗಾಡಿ ಹೊತ್ತದ್ದು ತರಕಾರಿಯಲ್ಲ, ಮೀನು. ಮಲ್ಪೆ, ಮಂಗಳೂರಿನ ದಕ್ಕೆ, ಅಂದರೆ ಮೀನುಗಾರಿಕೆ ಬಂದರುಗಳಿಂದ ಮೀನು ಹೋಗುವುದು ಐಸ್ ಹಾಕಿದ ಕ್ರೇಟ್‌ಗಳಲ್ಲಿ. ಐಸ್ ಕರಗಿದ ನೀರು, ಮೀನಿನ ನೀರು, ಉಪ್ಪು ಎಲ್ಲ ಸೇರಿ ದಾರಿಯುದ್ದಕ್ಕೂ ಕೆಳಗೆ ತೊಟ್ಟಿಕ್ಕುತ್ತದೆ. ಅದು ಬೀಳುವುದು ಚಾಸಿ (ಇಡೀ ಗಾಡಿಯನ್ನು ಹೊರುವ ಅಡಿಯ ಕಬ್ಬಿಣದ ಚೌಕಟ್ಟು) ಮೇಲೆ, ಸ್ಪ್ರಿಂಗ್ ಪ್ಲೇಟ್‌ಗಳ ಸಂದಿಗೆ, ಬ್ರೇಕ್ ಪೈಪ್ ಮೇಲೆ, ವೈರಿಂಗ್ ಮೇಲೆ. ಉಪ್ಪು ನೀರಿಗೆ ಕಬ್ಬಿಣ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಿನ ನಮಗೆ ಅದರ ಅಂದಾಜೇ ಇಲ್ಲ. ಇನ್ನೊಂದು ವಿಷಯ: ಮೀನಿನ ಗಾಡಿ ಹೊತ್ತಿಗೆ ಸರಿಯಾಗಿ ಮಾರ್ಕೆಟ್ ಮುಟ್ಟಲೇಬೇಕು. ಹಾಗಾಗಿ ಇಂಜಿನ್ ಕೆಲಸವನ್ನು ಯಾರೂ ಬಾಕಿ ಇಡುವುದಿಲ್ಲ. ಅದಕ್ಕೇ ಟೆಸ್ಟ್ ಡ್ರೈವ್‌ನಲ್ಲಿ ಇಂಥ ಗಾಡಿ ಎಲ್ಲರ ಮನಸ್ಸು ಗೆಲ್ಲುತ್ತದೆ.

ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆಗ ಗಾಡಿಗಳಿಗೆ ಕೆಲಸ ಕಡಿಮೆ. ಕೆಲವು ಮಾರಾಟಕ್ಕೆ ಬರುವುದೂ ಆಗಲೇ ಅಂತ ನನ್ನ ಲೆಕ್ಕ. ಅಡಿಗೆ ದಪ್ಪ ಕರಿ ಬಣ್ಣ ಹೊಡೆದು, ಹೊಸ ಸೀಟ್ ಕವರ್ ಹಾಕಿ, ರೀಸೋಲ್ ಟೈರ್ (ಸವೆದದ್ದಕ್ಕೆ ಹೊಸ ರಬ್ಬರ್ ಕೂರಿಸಿದ್ದು) ಏರಿಸಿದರೆ ಗಾಡಿ ರೆಡಿ. ಟಾಪ್ ಕ್ಯಾಬಿನ್ ತಳತಳ ಅಂತಿರುವಾಗ ಅಡಿಗೆ ಯಾಕೆ ಅಷ್ಟು ಹೊಸ ಬಣ್ಣ ಅಂತ ಯಾರೂ ಕೇಳುವುದಿಲ್ಲ.

ಭಾವನ ಗಾಡಿಯಲ್ಲಿ ಮೊದಲು ಹೋದದ್ದು ಹಿಂದಿನ ಬ್ರೇಕ್ ಪೈಪ್. ಮನೆಯಿಂದ ಹೊರಡುವಾಗಲೇ ಪೆಡಲ್ ಒಳಗೆ ಇಳಿಯಿತು. ಮುಂದಿನ ಚಕ್ರದ ಬ್ರೇಕ್ ಲೈನ್ ಬೇರೆ ಇದ್ದದ್ದರಿಂದ ಗಾಡಿ ನಿಂತಿತು. ಘಟ್ಟ ಇಳಿಯುವಾಗ ಹೀಗಾಗಿದ್ದರೆ? ಪೈಪ್ ಬದಲಿಸೋಕೆ ಅಡಿಗೆ ಹೋದ ಮೆಕ್ಯಾನಿಕ್ ಸ್ಪಾನರ್‌ನಿಂದ ಚಾಸಿ ಕುಟ್ಟಿದ. ಟಣ್ ಅನ್ನಬೇಕಾದ ಜಾಗದಲ್ಲಿ ಥಪ್ ಅಂತು. ಬಣ್ಣದ ಪದರ ಸಮೇತ ತುಕ್ಕಿನ ಚಕ್ಕೆ ಉದುರಿತು. ವೆಲ್ಡಿಂಗ್‌ನವನನ್ನು ಕರೆಸಿದರೆ ಅವನ ಮಾತು, "ಹಿಡಿಯೋಕೆ ಕಬ್ಬಿಣವೇ ಉಳಿದಿಲ್ಲ ಸಾರ್, ಎಲ್ಲಿಗೆ ಅಂತ ವೆಲ್ಡ್ ಮಾಡ್ಲಿ?" ಅಡ್ಡ ಪಟ್ಟಿಗಳನ್ನು ಕತ್ತರಿಸಿ ಹೊಸದು ಕೂರಿಸಬೇಕಾಯಿತು. ಸ್ಪ್ರಿಂಗ್ ಪ್ಲೇಟ್‌ಗಳದ್ದು ಬೇರೆ ಖರ್ಚು.

ಇಷ್ಟಾದ ಮೇಲೆ ಆರ್‌ಟಿಒ ಕೆಲಸ. ಹೆಸರು ಬದಲಾಯಿಸೋಕೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ನಂಬರ್ ಬದಲು ಗುಳಿ ಗುಳಿ ಮಚ್ಚೆ ಮೂಡಿತು. ಕೊರೆದ ಅಕ್ಷರಗಳನ್ನೇ ತುಕ್ಕು ತಿಂದಿತ್ತು. ನೀವು ಗಾಡಿ ನೋಡೋಕೆ ಹೋದಾಗ ಜೇಬಿನಲ್ಲಿ ಒಂದು ಪೆನ್ಸಿಲ್, ಒಂದು ತುಂಡು ತೆಳು ಕಾಗದ ಇಟ್ಟುಕೊಂಡಿರಿ. ಅಲ್ಲೇ ಪ್ರಿಂಟ್ ತೆಗೆಯಿರಿ, ಆರ್‌ಸಿ ಜೊತೆ ತಾಳೆ ನೋಡಿ. ಪ್ರಿಂಟ್ ಬರದ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಡೀಲರ್ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಕಾಗದದ ಕಡೆಯೂ ಒಂದು ಗಂಟು ಇತ್ತು. ಹಳೇ ಮಾಲೀಕ ಸಾಲ ತೀರಿಸಿದ್ದ, ಆದರೆ ಆರ್‌ಸಿಯಲ್ಲಿ ಫೈನಾನ್ಸ್‌ನವರ ಹೆಸರು ಹಾಗೇ ಉಳಿದಿತ್ತು. ಅವರ ಲಿಖಿತ ಒಪ್ಪಿಗೆ ಇಲ್ಲದೆ ಮಾಲೀಕತ್ವ ಬದಲಾಗುವುದಿಲ್ಲ. ಸಾಲ ತೀರಿದೆ ಅಂತ ಫೈನಾನ್ಸ್‌ನವರು ಕೊಡುವ ಎನ್‌ಒಸಿ, ಸಾಲದ ನಮೂದು ತೆಗೆಸೋಕೆ ಅವರ ಸಹಿ ಇರುವ ಫಾರ್ಮ್ 35 ಎರಡೂ ಬೇಕು. ಡೀಲರ್ ಕೈಯಲ್ಲಿದ್ದದ್ದು ಹಳೇ ಮಾಲೀಕನ ಸಹಿ ಹಾಕಿದ, ಮಾಲೀಕತ್ವ ಬದಲಾವಣೆಯ ಖಾಲಿ 29, 30ನೇ ಫಾರ್ಮ್‌ಗಳು ಮಾತ್ರ. "ಇದಿದ್ರೆ ಸಾಕು, ಆಮೇಲೆ ಮಾಡಿಸ್ಕೊಬಹುದು" ಅಂದನಂತೆ. ಸಾಕಾಗಲಿಲ್ಲ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಫೈನಾನ್ಸ್ ಇದೆಯಾ, ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಮತ್ತು ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಅಂತ ಗೊತ್ತಾಗುತ್ತದೆ. ಗೂಡ್ಸ್ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಆ ಖರ್ಚನ್ನೂ ರೇಟಿಗೆ ಸೇರಿಸಿ ನೋಡಿ. ಒಟ್ಟು ತೂಕ 3,000 ಕೆಜಿ ಮೀರದಿದ್ದರೆ ಪರ್ಮಿಟ್ ಬೇಡ, ಮೀರಿದರೆ ಬೇಕು. ಆ ತೂಕ ಆರ್‌ಸಿಯಲ್ಲೇ ಇರುತ್ತದೆ.

2023ರ ಏಪ್ರಿಲ್ 1ರಿಂದ ಹಳೇ ಗಾಡಿ ಮಾರುವ ಡೀಲರ್‌ಗಳಿಗೆ ಆರ್‌ಟಿಒ ಕೊಡುವ ಅಧಿಕಾರ ಪತ್ರ ಇರಬೇಕು ಅಂತ ನಿಯಮ ಬಂದಿದೆ. ಮಾಲೀಕನಿಂದ ಗಾಡಿ ಪಡೆದದ್ದನ್ನು ಪೋರ್ಟಲ್‌ನಲ್ಲಿ ತಿಳಿಸಲೂಬೇಕು. ಪತ್ರ ತೋರಿಸಿ ಅಂತ ಕೇಳಿ. ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಮಾರುವವರಿಗೂ ಒಂದು ಮಾತು. ಖಾಲಿ ಫಾರ್ಮ್‌ಗೆ ಸಹಿ ಹಾಕಿ ಕೈ ತೊಳೆದುಕೊಂಡೆ ಅಂದುಕೊಳ್ಳಬೇಡಿ. ಗಾಡಿ ಎಷ್ಟೇ ಕೈ ಬದಲಾಗಿದ್ದರೂ ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವನೇ ಮಾಲೀಕ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೊಂಡವರು 14 ದಿನದೊಳಗೆ ಇನ್ಶೂರೆನ್ಸ್ ಬದಲಾವಣೆಗೆ ಅರ್ಜಿ ಹಾಕಬೇಕು. ಇಲ್ಲದಿದ್ದರೆ ನಿಮ್ಮ ಗಾಡಿಗೆ ಆದ ಪೆಟ್ಟಿನ ಕ್ಲೇಮ್ ಕಷ್ಟ.

ಡೀಲರ್‌ಗೆ ಫೋನ್ ಮಾಡಿದರೆ "ನೋಡಿಯೇ ತಗೊಂಡ್ರಲ್ವಾ" ಅಂದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ತರಕಾರಿ ಗಾಡಿ ಅಂದದ್ದು ಬರೀ ಬಾಯಿಮಾತು, ಕಾಗದದಲ್ಲಿ ಎಲ್ಲೂ ಇಲ್ಲ. ನೀವು ತಗೊಳ್ಳುವಾಗ ಗಾಡಿ ಏನು ಹೊರುತ್ತಿತ್ತು ಅನ್ನುವುದನ್ನು ಮಾರಾಟದ ಪತ್ರದಲ್ಲೇ ಬರೆಸಿ, ಸಹಿ ಹಾಕಿಸಿ. ಸ್ವಂತ ದುಡಿಮೆಗೆ ತಗೊಂಡ ಗಾಡಿಯಾದರೆ ಗ್ರಾಹಕ ಆಯೋಗಕ್ಕೆ ಹೋಗುವ ದಾರಿ ಇದೆ. ಆಗ ಆ ಒಂದು ಸಾಲು ತುಂಬಾ ಬೆಲೆ ಬಾಳುತ್ತದೆ.

ಈಗಾಗಲೇ ಪಿಕಪ್ ಇರುವವರಿಗೆ: ಉಪ್ಪು ಕರಾವಳಿಯಲ್ಲಿ ಮಾತ್ರ ಅಂದುಕೊಳ್ಳಬೇಡಿ. ನಾವು ತೋಟಕ್ಕೆ ಹೊರುವ ಪೊಟ್ಯಾಷ್ ಕೂಡ ಕ್ಲೋರೈಡ್ ಉಪ್ಪೇ. ಚೀಲ ಒಡೆದು ಚೆಲ್ಲಿದ್ದು ಮಳೆ ನೀರಿಗೆ ಕರಗಿ ಅದೇ ಚಾಸಿ ಮೇಲೆ ಇಳಿಯುತ್ತದೆ. ಗೊಬ್ಬರ ಹೊತ್ತ ದಿನ ಸಂಜೆಯೇ ಬಾಡಿ ಗುಡಿಸಿ, ಅಡಿಗೆ ಪೈಪ್ ಹಿಡಿದು ಸಿಹಿ ನೀರು ಬಿಡಿ. ಚಾಸಿಯಲ್ಲಿ ನೀರು ಹೋಗೋಕೆ ಇರುವ ತೂತುಗಳು ಕೆಸರಿನಿಂದ ಕಟ್ಟಿಕೊಂಡಿದ್ದರೆ ತಂತಿ ಹಾಕಿ ಬಿಡಿಸಿ. ಭಾವ ಈಗ ಗೊಬ್ಬರ ಹೊರುವುದಾದರೆ ಬಾಡಿ ಒಳಗೆ ದಪ್ಪ ಟಾರ್ಪಾಲ್ ಹಾಸಿಯೇ ಲೋಡ್ ಮಾಡಿಸುತ್ತಾರೆ.