ಜೊಂಡು ನಂಬಿ ಗುಂಡಿಗೆ ಬಿದ್ದೆ: ಹೋಂಸ್ಟೇ, ತೋಟದ ಮನೆಯವರು ದಯವಿಟ್ಟು ಓದಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ.

ಸಕಲೇಶಪುರದ ಕಡೆ ನಮ್ಮದು ನಾಲ್ಕು ರೂಮಿನ ಹೋಂಸ್ಟೇ. ವಾರದ ಕೊನೆಗೆ 12 ಜನ ಇದ್ದೇ ಇರುತ್ತಾರೆ. ಟಾಯ್ಲೆಟ್ ಪಿಟ್ ತುಂಬಿ ಹರಿಯುತ್ತಿತ್ತು. ಆಗ ಸಿಕ್ಕಿದ್ದು ರೀಡ್ ಬೆಡ್, ಅಂದರೆ ಕೊಳಕು ನೀರನ್ನು ಜೊಂಡು ನೆಟ್ಟ ಜಲ್ಲಿ ಗುಂಡಿಯಲ್ಲಿ ಹರಿಸಿ ಶುದ್ಧ ಮಾಡೋ ವ್ಯವಸ್ಥೆ, ಕಟ್ಟಿಕೊಡೋ ಈ ಮಹಾಶಯ. "ಕರೆಂಟ್ ಬೇಡ, ಮೋಟರ್ ಬೇಡ ಸರ್. ಜಲ್ಲಿ, ಜೊಂಡು ಅಷ್ಟೇ. ಹಳೇ ಪಿಟ್ ಮುಚ್ಚಿಬಿಡಿ." 1,80,000 ರೂಪಾಯಿ.

ಹತ್ತಡಿ ಉದ್ದ, ಆರಡಿ ಅಗಲದ ಗುಂಡಿ. ಕೆರೆಯಿಂದ ಕಿತ್ತು ತಂದ ಜೊಂಡು, ಅಂಚಿಗೆ ಚೆಂದಕ್ಕೆ ಕಾಬಾಳೆ. ಕೆಲಸ ಮುಗಿದ ದಿನ ಹೊರಗಿನ ಪೈಪಿಗೆ ಗಾಜಿನ ಲೋಟ ಹಿಡಿದು ತೋರಿಸಿದರು. ನೀರು ತಿಳಿ ಅಂದರೆ ತಿಳಿ. ನಾನು ಆ ಲೋಟ ಹಿಡಿದು ಫೋಟೋ ತೆಗೆಸಿಕೊಂಡೆ, ಸ್ಟೇಟಸ್ ಹಾಕಿದೆ, ಬಾಕಿ ದುಡ್ಡೂ ಕೊಟ್ಟೆ. ಅದು ಯಾವ ನೀರು ಗೊತ್ತಾ? ಹಿಂದಿನ ದಿನ ಜೊಂಡು ನೆಡೋಕೆ ಅಂತ ನಮ್ಮದೇ ಬೋರಿನಿಂದ ತುಂಬಿಸಿದ ನೀರು! ಈ ಕಡೆ ಕೊಳಕು ಬಿಟ್ಟರೆ ಆ ಕಡೆ ಮೊದಲು ಬರೋದು ಒಳಗಿದ್ದ ನೀರೇ ಅಲ್ವಾ? ಪೈಪ್ ಹಿಡಿದು ತುಂಬಿಸಿದವನೂ ನಾನೇ.

ಎರಡೇ ತಿಂಗಳಿಗೆ ಜಲ್ಲಿ ಮೇಲೆ ಕಪ್ಪು ನೀರು. ವಾಸನೆಗೆ ಒಂದು ಫ್ಯಾಮಿಲಿ ರಾತ್ರಿಯೇ ರೂಮ್ ಬಿಟ್ಟು ಹೋಯಿತು. ಫೋನ್ ಮಾಡಿದರೆ "ಬೇರು ಇಳಿಯೋಕೆ ಟೈಮ್ ಬೇಕು ಸರ್." ಮತ್ತೆ ಮಾಡಿದರೆ "ಟಾಯ್ಲೆಟ್‌ಗೆ ಆಸಿಡ್ ಹಾಕ್ತೀರಾ? ಹಾಗಿದ್ರೆ ನಮ್ಮ ಜವಾಬ್ದಾರಿ ಅಲ್ಲ." ಮೂರನೇ ಸಲ "ಇದು ನೇಚರ್ ಸರ್, ಮಿಷನ್ ಅಲ್ಲ." ನೇಚರ್ ಅಂತೆ, ನೇಚರ್! ಆಮೇಲೆ ಬರೀ ಬ್ಲೂ ಟಿಕ್.

ಕೊನೆಗೆ ಅಗೆಸಿದೆ. ಜಲ್ಲಿ ತೊಳೆದೇ ಇಲ್ಲ, ಕ್ರಷರ್ ಪುಡಿ ಸಮೇತ ಸುರಿದಿದ್ದಾರೆ. ಅಡುಗೆಮನೆ ಜಿಡ್ಡು ಸೇರಿ ಗಾರೆ ಥರ ಕಚ್ಚಿಕೊಂಡಿತ್ತು, ಗುದ್ದಲಿ ಇಳಿಯಲಿಲ್ಲ. ಕೊಳಕು ಮಣ್ಣಿಗೆ ಇಂಗದ ಹಾಗೆ ತಳಕ್ಕೆ ಹಾಸೋ ಶೀಟ್ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬೆಡ್‌ಗಿಂತ ಮೊದಲು ಇರಬೇಕಾದ ಸೆಪ್ಟಿಕ್ ಟ್ಯಾಂಕೇ ಇಲ್ಲ! ಟಾಯ್ಲೆಟ್ ಪೈಪ್ ಸೀದಾ ಜಲ್ಲಿಗೆ. ಗಟ್ಟಿ ಕೊಳೆ ಟ್ಯಾಂಕಿನ ತಳದಲ್ಲಿ ಕೂತು ಮೇಲಿನ ನೀರು ಮಾತ್ರ ಬೆಡ್‌ಗೆ ಹೋಗಬೇಕು, ಇದು ಈ ಕೆಲಸದ ಅಆಇಈ. ಬೇರೆ ನಂಬರಿನಿಂದ ಕೇಳಿದೆ. "ಟ್ಯಾಂಕ್ ಬೇಕು ಅಂತ ನೀವು ಹೇಳಲೇ ಇಲ್ವಲ್ಲ ಸರ್." ನಾನು ಹೇಳಬೇಕಿತ್ತಂತೆ!

ರೀಡ್ ಬೆಡ್ ಕೆಟ್ಟದ್ದಲ್ಲ, ಮಾಡಿದವರು ಕೆಟ್ಟವರು. ನಮ್ಮ ಹವೆಯಲ್ಲೂ ತಲೆಗೆ ಒಂದೆರಡು ಚದರ ಮೀಟರ್ ಜಾಗ ಬೇಕು. ನನಗೆ ಕೊಟ್ಟಿದ್ದು 12 ಜನಕ್ಕೆ ಐದೂವರೆ. ನೀರು ಜಲ್ಲಿಯ ಮೇಲ್ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೇ ನಿಲ್ಲಬೇಕು. ಮೂರು ತಿಂಗಳು ಓಡಿಸಿ, ಲ್ಯಾಬಿಗೆ ನೀರು ಕಳಿಸಿ, ಆಮೇಲೆ ಬಾಕಿ ಕೊಡಿ. ಲೋಟ ತೋರಿಸಿದರೆ ಅವರಿಗೇ ಕುಡಿಯೋಕೆ ಹೇಳಿ.

ಆ ಸ್ಟೇಟಸ್ ಫೋಟೋವನ್ನು ನಮ್ಮ ಭಾವಮೈದ ಇನ್ನೂ ಫ್ಯಾಮಿಲಿ ಗ್ರೂಪಿಗೆ ಹಾಕುತ್ತಲೇ ಇದ್ದಾನೆ.